ಎಂಜಲಿಲ್ಲದ ಮಠಕ್ಕೆ ಬಂದ ಗ್ಯಾಸ್ ಘಟಕ

ಏಪ್ರಿಲ್ ಕೊನೆಯ ಸೋಮವಾರ, ಬೆಳಿಗ್ಗೆ ಏಳು ಗಂಟೆ, ಕಮಲಾಪುರದ ಮಠವೊಂದರ ಹಿತ್ತಲು. ಹಾಜರಿದ್ದವರು: ಯೋಜನೆಯ ಸಂಯೋಜಕಿ, ಮಠದ ವ್ಯವಸ್ಥಾಪಕರು, ಇಬ್ಬರು ಗೌಂಡಿಗಳು, ದಾಸೋಹದ ಅಡುಗೆ ನೋಡಿಕೊಳ್ಳುವ ಹಿರಿಯಾಕೆ ಮತ್ತು ನಾನು. ಗುಂಡಿ ಹಿಂದಿನ ದಿನವೇ ಸಿದ್ಧವಾಗಿತ್ತು. ನಾನು ಮಟ್ಟಗೋಲು ಇಟ್ಟು ತಳ ನೋಡಿದೆ. ಒಂದು ಮಗ್ಗುಲು ಎರಡು ಬೆರಳು ತಗ್ಗು ಇತ್ತು. ಮರಳು ಹಾಕಿಸಿ, ನೀರು ಹೊಡೆಸಿ, ದಮ್ಮಸು ಮಾಡಿಸಿ, ಮತ್ತೆ ನೋಡಿದ ಮೇಲೆಯೇ ಟ್ಯಾಂಕು ಇಳಿಸಲು ಬಿಟ್ಟೆ. ಹಿತ್ತಲಿಗೆ ಬಿಸಿಲು ಬರುವ ಮೊದಲೇ ಟ್ಯಾಂಕು ಕುಳಿತಿತ್ತು.

ಕೆಲಸದ ಹಿನ್ನೆಲೆ ಇಷ್ಟು. ಕಲಬುರಗಿಯ ಐವಾನ್-ಎ-ಶಾಹಿ ಭಾಗದಲ್ಲಿ ಕಚೇರಿ ಇರುವ ಒಂದು ಸಂಸ್ಥೆ ಮಠ, ಮಸೀದಿ, ಚರ್ಚುಗಳನ್ನು ಸುಸ್ಥಿರ ಅಭಿವೃದ್ಧಿಯ ಗುರಿಗಳಿಗೆ ಜೋಡಿಸುವ ಕಾರ್ಯಕ್ರಮ ನಡೆಸುತ್ತಿತ್ತು. ಈ ಮಠದ ಪಾಲಿಗೆ ಬಂದದ್ದು ಊಟದ ಎಂಜಲಿನಿಂದ ಅಡುಗೆ ಗ್ಯಾಸ್ ಮಾಡುವ ಘಟಕ. ನಕ್ಷೆ ಹಾಕಿದ ಸಲಹೆಗಾರರು ಹೊರಗಿನವರು. ಫೆಬ್ರುವರಿಯಲ್ಲಿ ಒಂದು ದಿನ ಬಂದು, ಎಂಜಲು ತೂಗಿ, ಅಳತೆ ಬರೆದುಕೊಂಡು ಹೋಗಿದ್ದರು. ಘಟಕವನ್ನು ಕೂರಿಸಿ, ಚಾಲೂ ಮಾಡಿ, ಅಡುಗೆಮನೆಯವರ ಕೈಗೆ ಒಪ್ಪಿಸುವುದು ನನ್ನ ಕೆಲಸ. ಸಿಮೆಂಟ್ ಕಾರ್ಖಾನೆಯ ಭಟ್ಟಿಯಲ್ಲಿ ಪಾಳಿ ಮಾಡಿ ನಿವೃತ್ತನಾದವನು ಎಂಬ ಕಾರಣಕ್ಕೆ ಸಂಯೋಜಕಿ ನನ್ನನ್ನು ಕರೆದಿದ್ದಳು. ಅವಳು ನನ್ನ ಹಳೆಯ ಸಹೋದ್ಯೋಗಿಯ ಮಗಳು. ಚಿಕ್ಕಂದಿನಿಂದ ನನ್ನನ್ನು ಚಾಚಾ ಎಂದೇ ಕರೆಯುತ್ತಾಳೆ.

ಅಡುಗೆಯ ಹಿರಿಯಾಕೆಯನ್ನು ಮಠದಲ್ಲಿ ಎಲ್ಲರೂ ಅವ್ವ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ. ಅವರ ಅಡುಗೆಮನೆಯಲ್ಲಿ ಮೂರು ಮಣ್ಣಿನ ಒಲೆಗಳು, ಒಂದೇ ಕಿಟಕಿ. ಉರುವಲು ತೊಗರಿ ಕಟ್ಟಿಗೆ. ಸುಗ್ಗಿ ಮುಗಿದ ಮೇಲೆ ಸುತ್ತಲಿನ ಊರವರು ಟ್ರ್ಯಾಕ್ಟರಿನಲ್ಲಿ ತಂದು ಹಿತ್ತಲಲ್ಲಿ ಬಣವೆ ಒಟ್ಟಿ ಹೋಗುತ್ತಾರೆ. ದಾಸೋಹದ ಒಲೆಯಲ್ಲಿ ಉರಿಯುವುದು ಭಕ್ತರು ತಮ್ಮ ದುಡಿಮೆಯಿಂದ ತಂದದ್ದೇ ಆಗಿರಬೇಕು ಎಂಬುದು ಆ ಮಠದ ನಡಾವಳಿ. ಹಾಗಾಗಿ ಸಿಲಿಂಡರ್ ಕೊಡಿಸಲು ಬಂದವರನ್ನು ಹಿರಿಯ ಸ್ವಾಮಿಗಳು ವಾಪಸು ಕಳಿಸಿದ್ದರು. ಮಠದ್ದೇ ಉಳಿಕೆಯಿಂದ ಬರುವ ಗ್ಯಾಸಿಗೆ ಮಾತ್ರ ಒಪ್ಪಿದ್ದರು.

ಒಪ್ಪಲು ಕಾರಣ ಅವ್ವನ ಎದೆ. ಸೇಡಂ ರಸ್ತೆಯ ಆಸ್ಪತ್ರೆಯೊಂದರಲ್ಲಿ ತೋರಿಸಿದಾಗ ಡಾಕ್ಟರು, ಇನ್ನು ಹೊಗೆಯಲ್ಲಿ ಕೂತರೆ ಉಸಿರು ಕೈಕೊಡುತ್ತದೆ ಎಂದಿದ್ದರು. ಸ್ವಾಮಿಗಳು ಗಡುವು ಹಾಕಿದರು. ಶ್ರಾವಣದಲ್ಲಿ ಒಂದು ತಿಂಗಳು ಪ್ರವಚನ, ಉಣ್ಣುವವರು ಎರಡು ಪಾಲು. ಅಷ್ಟರೊಳಗೆ ಹೊಗೆ ಇಲ್ಲದ ಒಲೆ ಆದರೆ ಅವ್ವ ಅಡುಗೆ ಮಾಡಲಿ. ಇಲ್ಲದಿದ್ದರೆ ಬೇರೆಯವರು ಬರಲಿ, ಅವ್ವ ಕಾಳು ಹಸನು ಮಾಡಿಕೊಂಡು ಕುಳಿತಿರಲಿ. ವ್ಯವಸ್ಥಾಪಕರು ಪಕ್ಕದ ಊರಿನ ಒಬ್ಬ ಅಡುಗೆಯವನೊಂದಿಗೆ ಮಾತನ್ನೂ ಆಡಿ ಇಟ್ಟಿದ್ದರು. ಇದನ್ನೆಲ್ಲ ಅವ್ವನೇ ನನಗೆ ಹೇಳಿದ್ದು, ರೊಟ್ಟಿ ತಟ್ಟುತ್ತ.

“ಕಾಳು ಹಸನು ಮಾಡೋದು ಕಾಯಕ ಅಲ್ಲಂತಲ್ರಿ ಸಾಹೇಬರ. ಅದೂ ಕಾಯಕನೇ. ಆದರ ನಂದಲ್ಲ.”

ಟ್ಯಾಂಕು ಕೂತ ಮರುದಿನದಿಂದ ಸಗಣಿ ತುಂಬುವ ಕೆಲಸ. ಮೊದಲ ಭರ್ತಿಗೆ ಸಗಣಿಯೇ ಬೇಕು. ಗ್ಯಾಸ್ ಹುಟ್ಟಿಸುವ ಜೀವಾಣು ಅದರಲ್ಲಿರುತ್ತದೆ. ಸಗಣಿ ಎಷ್ಟೋ ನೀರು ಅಷ್ಟೇ. ಗಂಟಿಲ್ಲದಂತೆ ಕಲಸಿ, ಜಾಲರಿಯಲ್ಲಿ ಸೋಸಿ, ಕೊಳವೆಯಲ್ಲಿ ಇಳಿಸಬೇಕು. ಸಗಣಿ ಕೊಟ್ಟವರು ಮಠದ ಪಕ್ಕದ ಕೆಂಪು ಬಾಳೆ ತೋಟದವರು. ಮಠದ ನಾಲ್ಕು ಹಸುಗಳ ಸಗಣಿ ಸಿಗಲಿಲ್ಲ. ಅದನ್ನು ತಟ್ಟಿ, ಒಣಗಿಸಿ, ಸುಟ್ಟು ವಿಭೂತಿ ಮಾಡುತ್ತಾರೆ. ಆಗ ನಾನು ಅದಕ್ಕೆ ಹೆಚ್ಚಿನ ಅರ್ಥ ಹಚ್ಚಲಿಲ್ಲ.

ಟ್ಯಾಂಕಿನ ಮೇಲೆ ಬೋರಲಾಗಿ ತೇಲುವ ಡ್ರಮ್ಮು ಗ್ಯಾಸ್ ತುಂಬಿದಷ್ಟೂ ಏಳುತ್ತದೆ. ಬಿಸಿಲು ಚೆನ್ನಾಗಿದ್ದುದರಿಂದ ಅದು ಬೇಗ ಮೇಲೆದ್ದಿತು. ಮೊದಲ ಗ್ಯಾಸನ್ನು ಹೊರಗೆ ಬಿಟ್ಟೆ; ಅದು ಉರಿಯುವುದಿಲ್ಲ, ಗಾಳಿ ಬೆರೆತಿರುವುದರಿಂದ ಅಪಾಯವೂ ಹೌದು. ಎರಡನೆಯ ಸಲ ಎದ್ದಾಗ ಕೊಳವೆಯ ಕೀಲುಗಳಿಗೆಲ್ಲ ಸಾಬೂನು ನೊರೆ ಹಚ್ಚಿ ಸೋರಿಕೆ ನೋಡಿ, ಗ್ಯಾಸ್ ಒಲೆ ಹೊತ್ತಿಸಿದೆ. ನೀಲಿ ಉರಿ ಬಂತು. ಅವ್ವ ಬೇಳೆ ಇಟ್ಟರು. ಸಂಯೋಜಕಿ ಕಲಬುರಗಿಯಿಂದ ಬಂದು ಚಿತ್ರ ತೆಗೆದುಕೊಂಡು ಹೋದಳು. ಒಂದೆರಡು ವಾರ ಮೂರು ಮಣ್ಣಿನ ಒಲೆಗಳಲ್ಲಿ ಎರಡಕ್ಕೆ ಬೆಂಕಿ ಹಾಕಲಿಲ್ಲ. ಅವ್ವನ ಕೆಮ್ಮು ಕಡಿಮೆಯಾದದ್ದು ನನಗೂ ಗೊತ್ತಾಗುತ್ತಿತ್ತು.

ನಾನು ದಿನ ಬಿಟ್ಟು ದಿನ ಕಲಬುರಗಿಯಿಂದ ಹುಮನಾಬಾದ್ ಬಸ್ಸು ಹಿಡಿದು ಕಮಲಾಪುರಕ್ಕೆ ಹೋಗುತ್ತಿದ್ದೆ. ಬೆಳಿಗ್ಗೆ ಡ್ರಮ್ಮಿನ ಎತ್ತರ ಅಳೆಯುವುದು, ಕೊಳವೆಯಲ್ಲಿ ಸೇರಿದ ನೀರು ತೆಗೆಯುವುದು, ಹಿಂದಿನ ದಿನ ಏನು ಹಾಕಿದ್ದಾರೆಂದು ಕೇಳುವುದು, ಇದ್ದದ್ದೆಲ್ಲ ಹಾಕಿದ್ದೇವೆ ಎಂದರೆ ನಂಬುವುದು, ಊಟದ ಹೊತ್ತಿಗೆ ಮೊದಲೇ ವಾಪಸು. ಸಕ್ಕರೆ ಕಾಯಿಲೆಯವನು, ಹೊತ್ತಿಗೆ ಸರಿಯಾಗಿ ನನ್ನ ಡಬ್ಬಿ ನನ್ನ ಸಂಗಡ. ಅವ್ವ ಇದನ್ನು ಬಿಡುತ್ತಿರಲಿಲ್ಲ. ಸಾಹೇಬರಿಗೆ ನಮ್ಮ ಸಾರಿನ ಖಾರದ ಹೆದರಿಕೆ ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಜೂನ್ ಮೊದಲ ವಾರ ಡ್ರಮ್ಮು ಇಳಿಯತೊಡಗಿತು. ಸೋರಿಕೆ ಇರಬೇಕೆಂದು ಮತ್ತೆ ನೊರೆ ಹಚ್ಚಿ ನೋಡಿದೆ. ಇರಲಿಲ್ಲ. ಟ್ಯಾಂಕಿನೊಳಗಿನ ರಾಡಿ ಹುಳಿಯಾಗಿದೆಯೇ ಎಂದು ಕಾಗದ ಅದ್ದಿ ಬಣ್ಣ ನೋಡಿದೆ. ಹುಳಿಯಾಗಿರಲಿಲ್ಲ. ಉಳಿದದ್ದು ಒಂದೇ ಕಾರಣ: ಹೊಟ್ಟೆಗೆ ಸಾಲದು. ಸಲಹೆಗಾರರ ಲೆಕ್ಕದಲ್ಲಿ ದಿನಕ್ಕೆ ದೊಡ್ಡ ಬಕೆಟ್ಟುಗಟ್ಟಲೆ ಎಂಜಲು ಬರಬೇಕು. ದಿನದ ಎಂಜಲು ಎಲ್ಲಿ ಎಂದು ಕೇಳಿದಾಗ ಬಡಿಸುವವರು ತಂದು ತೋರಿಸಿದ್ದು ಒಂದು ಚಿಕ್ಕ ಬುಟ್ಟಿ. ಅದರಲ್ಲಿ ಜಗಿದ ನುಗ್ಗೆಕಾಯಿ ನಾರು, ಕರಿಬೇವು, ಮೆಣಸಿನಕಾಯಿ ತೊಟ್ಟು ಇಷ್ಟೇ. ಉಳಿದದ್ದನ್ನು ದನಕ್ಕೆ ಹಾಕುತ್ತಿದ್ದಾರೆ ಎಂದು ನನಗೆ ಅನುಮಾನ ಬಂತು. ಅವ್ವನನ್ನು ಕೇಳಿದೆ.

“ಉಂಡು ನೋಡ್ರಿ, ಗೊತ್ತಾಗ್ತದ” ಎಂದರು.

ಅಂದು ಡಬ್ಬಿ ತೆಗೆಯಲಿಲ್ಲ. ಎಲ್ಲರ ಹಾಗೆ ಕಾಲು ತೊಳೆದು ಸಾಲಿನಲ್ಲಿ ಕುಳಿತೆ. ರೊಟ್ಟಿ, ಬೇಳೆ, ಅನ್ನ, ಸಾರು. ಬಡಿಸುವವರು ಪ್ರತಿ ಸಲವೂ ಎಷ್ಟು ಎಂದು ಕೇಳಿಯೇ ಬಡಿಸಿದರು. ಊಟ ಮುಗಿದ ಮೇಲೆ ನನ್ನ ಪಕ್ಕದ ರೈತ ತಾಟಿಗೆ ಅರ್ಧ ಲೋಟ ನೀರು ಹಾಕಿ, ಬೆರಳಿನಿಂದ ಸುತ್ತಲೂ ತೊಳೆದು, ಆ ನೀರನ್ನು ಕುಡಿದ. ಅವನ ಪಕ್ಕದವನೂ ಹಾಗೆಯೇ. ಇಡೀ ಸಾಲು ಹಾಗೆಯೇ. ಪ್ರಸಾದ ಎಂದ ಮೇಲೆ ಒಂದು ಅಗುಳೂ ನೆಲಕ್ಕೆ ಹೋಗಬಾರದು. ತಾಟುಗಳು ಒಳಗೆ ಹೋಗುವಾಗ ಒಂದರಲ್ಲೂ ಏನೂ ಇರಲಿಲ್ಲ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಹಸುಗಳಿಗೆ. ಹಸುವಿನ ಸಗಣಿ ವಿಭೂತಿಗೆ. ಒಲೆಯ ಬೂದಿ ಪಾತ್ರೆ ತಿಕ್ಕಲು. ಆ ಅಂಗಳದಲ್ಲಿ ಘಟಕಕ್ಕೆ ಹಾಕಲು ಏನೂ ಉಳಿಯುತ್ತಿರಲಿಲ್ಲ. ಇಷ್ಟು ದಿನ ಉರಿದದ್ದು ಬಾಳೆ ತೋಟದವರ ಸಗಣಿ.

ಹಾಗಾದರೆ ಸಲಹೆಗಾರರು ತೂಗಿದ್ದು ಏನನ್ನು? ಅವ್ವನಿಗೆ ಆ ದಿನ ನೆನಪಿತ್ತು. ಮಠದ ಕಲ್ಯಾಣ ಮಂಟಪದಲ್ಲಿ ಕಲಬುರಗಿಯ ಒಂದು ಮದುವೆ ಇತ್ತು. ಎಲೆಗಳಲ್ಲಿ ಅರ್ಧಕ್ಕರ್ಧ ಬಿಟ್ಟು ಎದ್ದಿದ್ದರು. ಸಲಹೆಗಾರರು ಅದನ್ನೇ ತೂಗಿ ಖುಷಿಯಾಗಿ ಹೋದರು.

“ಅವತ್ತ ಉಂಡೋರು ಭಕ್ತರಲ್ರಿ ಸಾಹೇಬರ, ಬೀಗರು” ಎಂದರು ಅವ್ವ.

ಸಂಜೆ ಸಂಯೋಜಕಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಅವಳು ಸಲಹೆಗಾರರಿಗೆ ಹೇಳಿದಳು. ಮರುದಿನ ಅವರ ಉತ್ತರ ಬಂತು: ದಿನಾ ಒಂದು ಪಾತ್ರೆ ಅನ್ನ ಹೆಚ್ಚಿಗೆ ಮಾಡಿ ಘಟಕಕ್ಕೆ ಹಾಕಿ, ಅನ್ನದಿಂದ ಗ್ಯಾಸ್ ಚೆನ್ನಾಗಿ ಬರುತ್ತದೆ. ಅದು ಸುಳ್ಳಲ್ಲ. ಜೂನ್ ಕೊನೆಗೆ ಹಣ ಕೊಟ್ಟವರ ಕಡೆಯಿಂದ ಪರಿಶೀಲನೆಗೆ ಬರುವವರಿದ್ದರು. ಅವರ ಮುಂದೆ ಉರಿ ಕಾಣಬೇಕು ಎಂಬ ಚಿಂತೆ ಸಂಯೋಜಕಿಗೆ. ಸಂದೇಶ ಮುಟ್ಟಿಸುವುದು ನನ್ನ ಕೆಲಸ, ಮುಟ್ಟಿಸಿದೆ. ವ್ಯವಸ್ಥಾಪಕರು ಅವ್ವನ ಕಡೆ ನೋಡಿದರು. ಹೊರಗೆ ಮೋಡ ಹಾಕಿತ್ತು, ಕಟ್ಟಿಗೆ ಆಗಲೇ ತೇವ ಹಿಡಿದಿತ್ತು, ಒಲೆಗಳು ಮೂರೂ ಹೊಗೆ ಕಾರುತ್ತಿದ್ದವು. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು, ಅನ್ನದ ಪಾತ್ರೆಯ ಮೇಲೆ ಮುಚ್ಚಳ ಇಟ್ಟರು.

“ನನ್ನ ಎದಿ ಹೋದ್ರ ಹೋಗ್ಲಿ. ಉಣ್ಣೋರಿಗೆ ಬೇಯಿಸಿದ್ದು ಆ ಡ್ರಮ್ಮಿಗೆ ಹಾಕಂಗಿಲ್ಲ. ಕಾಳು ಹಸನು ಮಾಡ್ತೇನಿ, ತಗೋರಿ.”

ಅವ್ವ ದನಿ ಏರಿಸಲಿಲ್ಲ. ಅಲ್ಲಿಂದ ಎದ್ದು ಮೊರ ತೆಗೆದುಕೊಂಡು ಕಿಟಕಿಯ ಬಳಿ ಕುಳಿತರು. ಅಂದಿನ ಸಾರು ಮಾಡುವುದನ್ನು ಬಡಿಸುವವರೇ ಮುಗಿಸಿದರು.

ನಮ್ಮ ಮನೆಯಲ್ಲೂ ಊಟಕ್ಕೆ ಹಾಸುವ ದಸ್ತರಖಾನಿನ ಮೇಲೆ ಬಿದ್ದ ತುಣುಕನ್ನು ಎತ್ತಿ ತಿನ್ನುವುದು ರೂಢಿ. ನದಿಯ ದಡದಲ್ಲಿ ಕೂತು ನಮಾಜಿಗೆ ಕೈಕಾಲು ತೊಳೆಯುವ ವುಜೂ ಮಾಡಿದರೂ ನೀರು ಹೆಚ್ಚು ಸುರಿಯಬಾರದು ಎಂದು ಕಲಿಸಿದ್ದರು. ಆದ್ದರಿಂದ ಅವ್ವನ ಮಾತು ನನಗೆ ವಿಚಿತ್ರ ಎನಿಸಲಿಲ್ಲ. ಕಾರ್ಯಕ್ರಮದ ಕಾಗದಗಳಲ್ಲಿ ಧರ್ಮಸ್ಥಳಗಳು ಜನರಿಗೆ ಪರಿಸರದ ಮೌಲ್ಯ ಕಲಿಸಬೇಕು ಎಂದು ಬರೆದಿತ್ತು. ಈ ಮಠದಲ್ಲಿ ಕಲಿಸುವವರು ಯಾರೂ ಇರಲಿಲ್ಲ; ಉಂಡು ತಾಟು ತೊಳೆದು ಕುಡಿದು ಎದ್ದು ಹೋಗುತ್ತಿದ್ದರು. ಆ ರೂಢಿ ಕೆಡಿಸಿ ಗ್ಯಾಸ್ ತೆಗೆಯುವುದು ತಲೆಕೆಳಗಾದ ಕೆಲಸ. ಬಾಳೆ ತೋಟದವರು ಕೂಡಿಟ್ಟ ಸಗಣಿಯನ್ನೆಲ್ಲ ಮೊದಲ ಭರ್ತಿಗೇ ಕೊಟ್ಟಿದ್ದರು, ದಿನಾ ಕೊಡುವಷ್ಟು ಅವರಲ್ಲಿರಲಿಲ್ಲ. ಕಲಬುರಗಿಯ ಮದುವೆ ಮನೆಗಳಿಂದ ಎಂಜಲು ತರಿಸುವ ದಾರಿಯನ್ನೂ ಲೆಕ್ಕ ಹಾಕಿದೆ. ದಿನಾ ಡೀಸೆಲ್ ಸುಟ್ಟು ಎಂಜಲು ಹೊತ್ತು ತಂದು ಗ್ಯಾಸ್ ಮಾಡಿದರೆ ಉಳಿತಾಯ ಎಲ್ಲಿಯದು? ಅದರಲ್ಲಿ ಎಲುಬು ಬಂದರೆ ಮಠದಲ್ಲಿ ಬೇರೆಯೇ ರಾಮಾಯಣ.

ಬಸ್ಸಿನಲ್ಲಿ ವಾಪಸು ಬರುವಾಗ ಎರಡು ಕೆಲಸಗಳನ್ನು ಬೇರೆ ಮಾಡಿಕೊಂಡೆ. ಘಟಕಕ್ಕೆ ಎಂಜಲು ಬೇಕು. ಅದು ಎಂಜಲಿರುವ ಕಡೆ ಹೋಗಲಿ. ಅವ್ವನಿಗೆ ಬೇಕಾದದ್ದು ಗ್ಯಾಸ್ ಅಲ್ಲ, ಹೊಗೆ ಇಲ್ಲದ ಒಲೆ. ಹೊಲದ ಉಳಿಕೆಯಾದ ತೊಗರಿ ಕಟ್ಟಿಗೆ ಕೈಗೆ ಸಿಗುವಾಗ, ಅದನ್ನು ಸರಿಯಾಗಿ ಸುಡುವುದು ಭಟ್ಟಿಯವನಿಗೆ ಗೊತ್ತಿರುವ ಕೆಲಸ.

ಮರುದಿನ ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಐವಾನ್-ಎ-ಶಾಹಿಯಲ್ಲಿದ್ದೆ. ಸಂಯೋಜಕಿಯ ಮೇಜಿನ ಹಿಂದೆ ಸುಸ್ಥಿರ ಅಭಿವೃದ್ಧಿಯ ಹದಿನೇಳು ಗುರಿಗಳ ಬಣ್ಣದ ಚೌಕಗಳ ಪಟ. ನನ್ನ ಮಾತು ಕೇಳಿ ಅವಳು ವರದಿಯ ಹಾಳೆ ತೆರೆದಳು. ಮಠದ ಹೆಸರಿನ ಮುಂದೆ ದಿನದ ತ್ಯಾಜ್ಯ ಎಷ್ಟು ಎಂದು ಬರೆಯಲಿ ಎಂದು ಕೇಳಿದಳು. ಸೊನ್ನೆ ಎಂದೆ.

“ಸೊನ್ನಿ ಬರದ್ರ ಯೋಜನಾ ಫೇಲ್ ಅಂತ ಓದ್ತಾರ ಚಾಚಾ.”

“ಓದೋದು ಕಲೀಲಿ.”

ಅವಳಿಗೆ ನಗು ಬಂತು, ಆದರೆ ಒಪ್ಪಿಗೆ ತರಿಸಲು ಮೇಲಿನವರೊಂದಿಗೆ ಒಂದು ವಾರ ಜಗಳಾಡಿದಳು. ಆ ಶ್ರೇಯ ಅವಳದು.

ಘಟಕಕ್ಕೆ ಜಾಗ ಹುಡುಕಲು ನಾನು ದೂರ ಹೋಗಲಿಲ್ಲ. ಶಹಾಬಜಾರದಲ್ಲಿ ನಮ್ಮ ಓಣಿಯ ಮಸೀದಿ ಕಮಿಟಿಯವರ ಶಾದಿಮಹಲ್ ಇದೆ. ಕಾರ್ಯದರ್ಶಿಗಳು ಮೊದಲು ಒಪ್ಪಲಿಲ್ಲ. ನಮ್ಮ ದಾವತ್ತಿನ ಊಟಗಳಲ್ಲಿ ಅಷ್ಟೇನೂ ಹಾಳಾಗುವುದಿಲ್ಲ ಎಂದರು. ಆ ಶುಕ್ರವಾರವಷ್ಟೇ ಮಸೀದಿಯ ಖುತ್ಬಾ ಪ್ರವಚನದಲ್ಲಿ ಇಸ್ರಾಫ್, ಅಂದರೆ ದುಂದು, ಎಂಥ ಪಾಪ ಎಂಬ ಮಾತು ಬಂದಿತ್ತು. ಮೊದಲ ಸಾಲಿನಲ್ಲಿ ಅವರೂ ಇದ್ದರು, ನಾನೂ ಇದ್ದೆ. ಭಾನುವಾರ ಮದುವೆಯ ಒಂದು ವಲೀಮಾ ಊಟವಾದ ಮೇಲೆ ಅವರನ್ನು ಹಿಂಬಾಗಿಲಿಗೆ ಕರೆದುಕೊಂಡು ಹೋದೆ. ಬಿರಿಯಾನಿ ಪೀಪಾಯಿ ತುಂಬಿ ನೆಲಕ್ಕೆ ಚೆಲ್ಲಿತ್ತು, ನಾಯಿಗಳು ಕೂಡ ಸಾಕಾಗಿ ಮಲಗಿದ್ದವು. ಕಾರ್ಯದರ್ಶಿಗಳು ಟೋಪಿ ತೆಗೆದು ತಲೆ ಒರೆಸಿಕೊಂಡರು. ತಂದು ಕೂರಿಸಿ, ಆದರೆ ಇದನ್ನು ಯಾರಿಗೂ ತೋರಿಸಬೇಡಿ ಎಂದರು. ತೋರಿಸುವುದೇ ಅಲ್ಲಿಯ ಮೊದಲ ಕೆಲಸವಾಗಬೇಕು ಎಂದೆ. ಈಗ ಅಲ್ಲಿ ಎಲುಬಿಗೊಂದು, ಅನ್ನಕ್ಕೊಂದು ಡಬ್ಬಿ ಇದೆ, ಮತ್ತು ಅವು ಹಿಂಬಾಗಿಲಲ್ಲಿಲ್ಲ, ಕೈ ತೊಳೆಯುವ ಜಾಗದಲ್ಲಿ ಎಲ್ಲರ ಕಣ್ಣಿಗೆ ಬೀಳುವಂತಿವೆ.

ಮಠದ ಟ್ಯಾಂಕಿನ ರಾಡಿಯನ್ನು ಬಾಳೆ ತೋಟದವರು ತಮ್ಮ ಗಿಡಗಳ ಬುಡಕ್ಕೆ ಹಾಕಿಕೊಂಡರು. ಟ್ಯಾಂಕು, ಡ್ರಮ್ಮು ಎರಡನ್ನೂ ತೊಳೆದು ಟೆಂಪೋದಲ್ಲಿ ಕಲಬುರಗಿಗೆ ಸಾಗಿಸಿದೆವು. ಪರಿಶೀಲನೆಗೆ ಬಂದವರು ಗುಂಡಿ ನೋಡಿ, ಊಟ ಮಾಡಿ, ಸಾಲಿನಲ್ಲಿ ಉಳಿದವರನ್ನು ನೋಡಿ ತಾಟಿಗೆ ನೀರು ಹಾಕಿಕೊಂಡರು ಎಂದು ಸಂಯೋಜಕಿ ಹೇಳಿದಳು. ನಾನು ಆ ದಿನ ಶಹಾಬಜಾರದ ಲುಹಾರನ ಕುಲುಮೆಯಲ್ಲಿ ಒಲೆಯ ಕಬ್ಬಿಣದ ಜಾಲರಿ ಮಾಡಿಸುತ್ತಿದ್ದೆ.

ಒಲೆಗೆ ಉಳಿದದ್ದು ಆಷಾಢ ಒಂದೇ. ಹಳೆಯ ಮೂರರ ಜಾಗದಲ್ಲಿ ಒಂದೇ ಸಾಲಿನಲ್ಲಿ ಮೂರು ಕಣ್ಣಿನ ಇಟ್ಟಿಗೆ ಒಲೆ. ಕಟ್ಟಿಗೆ ನೆಲದ ಮೇಲಲ್ಲ, ಜಾಲರಿಯ ಮೇಲೆ; ಗಾಳಿ ಕೆಳಗಿನ ಬೂದಿ ಬಾಗಿಲಿನಿಂದ. ಪಾತ್ರೆ ಕಣ್ಣಿಗೆ ಬಿಗಿಯಾಗಿ ಕೂರಬೇಕು. ಹೊಗೆ ಒಂದು ಕಣ್ಣಿನಿಂದ ಮುಂದಿನ ಕಣ್ಣಿಗೆ ಹಾಯ್ದು ಕೊನೆಯಲ್ಲಿ ಕೊಳವೆ ಹಿಡಿಯಬೇಕು. ಕೊಳವೆಯ ಬುಡದಲ್ಲಿ ಎಳೆತ ಹೆಚ್ಚು ಕಡಿಮೆ ಮಾಡಲು ಒಂದು ಜಾರುವ ತಗಡು. ಭಟ್ಟಿಯ ತತ್ವವೇ, ಗಾತ್ರ ಮಾತ್ರ ಚಿಕ್ಕದು.

ಮೊದಲ ಪರೀಕ್ಷೆ ಕೆಟ್ಟಿತು. ಆಷಾಢದ ಗಾಳಿ ಅಡುಗೆಮನೆಯ ಪಕ್ಕದ ಗುಡಿಯ ಎತ್ತರದ ಮಾಳಿಗೆಯಿಂದ ಬಗ್ಗಿ ಬಂದು ನಮ್ಮ ಕೊಳವೆಯ ಬಾಯಿಗೇ ಬೀಳುತ್ತಿತ್ತು. ಹೊಗೆಯೆಲ್ಲ ಒಳಗೆ. ಅವ್ವ ಕೆಮ್ಮುತ್ತ ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತವರು ಬಹಳ ಹೊತ್ತು ಏಳಲಿಲ್ಲ. ಕೊಳವೆಯನ್ನು ಗುಡಿಗಿಂತ ಮೇಲಕ್ಕೆ ಒಯ್ಯಬೇಕು ಎಂದೆ. ವ್ಯವಸ್ಥಾಪಕರು ಕೈ ಮುಗಿದರು.

“ಕಳಸದ ಮ್ಯಾಲ ಏನೂ ಏರಂಗಿಲ್ರಿ. ಮೊಬೈಲ್ ಟವರಿನವ್ರಿಗೂ ಇದನ್ನೇ ಹೇಳಿ ಕಳಿಸೀವಿ.”

ವಾದ ಮಾಡಲು ಹೊತ್ತಿರಲಿಲ್ಲ, ಅವರ ಕಟ್ಟಳೆ ಮುರಿಯಲು ನಾನು ಬಂದವನೂ ಅಲ್ಲ. ಗುಡಿಯ ಸುತ್ತ ನಡೆದು, ಎಲ್ಲೆಲ್ಲಿ ಗಾಳಿ ಹೇಗೆ ಬೀಳುತ್ತದೆ ಎಂದು ಕೋಲಿಗೆ ಬಟ್ಟೆ ಕಟ್ಟಿ ನೋಡಿದೆ. ಹಿತ್ತಲು ಗುಡಿಯಿಂದ ದೂರ, ನೆಲವೂ ತಗ್ಗು; ದನದ ಕೊಟ್ಟಿಗೆಯ ಆಚೆ ಬಟ್ಟೆ ನೆಟ್ಟಗೆ ಹಾರುತ್ತಿತ್ತು. ಅಲ್ಲಿ ಕೊಳವೆ ನಿಲ್ಲಿಸಿದರೆ ಕಳಸಕ್ಕಿಂತ ಬಹಳ ಕೆಳಗೇ ಉಳಿಯುತ್ತದೆ. ಒಲೆಯಿಂದ ಅಲ್ಲಿಯವರೆಗೆ ನೆಲದೊಳಗೆ ಇಟ್ಟಿಗೆಯ ಕಾಲುವೆ ಕಟ್ಟಿಸಿ, ಜಾರುವ ತಗಡನ್ನು ಒಲೆಯ ಬಳಿ ಕಾಲುವೆಯ ಬಾಯಿಗೆ ಹಾಕಿಸಿದೆ. ಇಷ್ಟು ಉದ್ದದ ಕಾಲುವೆ ತಣ್ಣಗಿದ್ದಾಗ ಎಳೆಯುವುದಿಲ್ಲ. ಅದಕ್ಕೆ ಕೊಳವೆಯ ಬುಡದಲ್ಲಿ ಒಂದು ಸಣ್ಣ ಬಾಗಿಲು ಇಟ್ಟು, ಒಲೆ ಹಚ್ಚುವ ಮೊದಲು ಅಲ್ಲಿ ಒಂದು ಹಿಡಿ ಒಣ ಕಟ್ಟಿಗೆ ಉರಿಸುವುದನ್ನು ನಿಯಮ ಮಾಡಿದೆ. ಗೌಂಡಿಗಳು ಮಳೆಯ ನಡುವೆ ತಾಡಪಾಲು ಹೊದೆಸಿ ಕೆಲಸ ಮುಗಿಸಿದರು.

ಎರಡನೆಯ ಪರೀಕ್ಷೆ ಆಷಾಢದ ಅಮಾವಾಸ್ಯೆ, ಶ್ರಾವಣಕ್ಕೆ ಒಂದು ದಿನ ಮೊದಲು. ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ, ಕಟ್ಟಿಗೆ ಅರೆ ಒದ್ದೆ. ಪರೀಕ್ಷೆಗೆ ಅದೇ ಸರಿಯಾದ ದಿನ. ಅವ್ವ ಕೂರುವ ಜಾಗದ ಹಿಂದೆ, ಅವರ ಮುಖದ ಎತ್ತರಕ್ಕೆ, ಮಸಿ ಕೂರುತ್ತದೆಯೇ ನೋಡಲು ಗೋಡೆಗೆ ಮೊಳೆ ಹೊಡೆದು ಒಂದು ಬಿಳಿ ಬಟ್ಟೆ ಕಟ್ಟಿದೆ. ಬುಡದ ಬಾಗಿಲಲ್ಲಿ ಉರಿ ಹಾಕಿ ಕೊಳವೆ ಬೆಚ್ಚಗಾದ ಮೇಲೆ ಒಲೆ ಹಚ್ಚಲು ಹೇಳಿದೆ. ಮೊದಲು ಸ್ವಲ್ಪ ಹೊಗೆ ಒಲೆಯ ಬಾಯಿಗೆ ಬಂತು. ತಗಡು ಪೂರ್ತಿ ಎತ್ತಿದೆ. ಉರಿ ಒಮ್ಮೆ ಒಳಕ್ಕೆ ಬಗ್ಗಿ, ಗುಂಯ್ ಎಂದು ಸದ್ದು ಮಾಡಿತು. ಹಿತ್ತಲಿನಿಂದ ಗೌಂಡಿ ಕೂಗಿ ಹೇಳಿದ, ಹೊಗೆ ಇಲ್ಲಿ ಬರುತ್ತಿದೆ ಎಂದು.

ಅವ್ವ ಬೇಳೆ, ಅನ್ನ, ಸಾರು ಮೂರನ್ನೂ ಅದೇ ಒಲೆಯಲ್ಲಿ ಮಾಡಿದರು. ಉದ್ದದ ಕಟ್ಟಿಗೆ ತುರುಕುವ ಹಳೆಯ ರೂಢಿ. ಜಾಲರಿಗೆ ಮೊಳದುದ್ದ ಸಾಕು ಎಂದು ಎರಡು ಸಲ ಹೇಳಬೇಕಾಯಿತು. ಮೂರನೆಯ ಸಲ ನಾನು ಬಾಯಿ ತೆರೆಯುವ ಮೊದಲೇ, ಗೊತ್ತಾಗ್ಯದ ಸಾಹೇಬರ, ನಿಮ್ಮ ಫ್ಯಾಕ್ಟರಿಯವ್ರು ನಿಮ್ಮನ್ನ ಹೆಂಗ ತಾಳಿಕೊಂಡ್ರೋ ಎಂದರು. ಊಟದ ಸಾಲುಗಳು ಎದ್ದ ಮೇಲೆ ಬಟ್ಟೆ ಬಿಚ್ಚಿ ಬೆಳಕಿಗೆ ಹಿಡಿದೆ. ಒಂದು ಅಂಚು ಸ್ವಲ್ಪ ಮಾಸಿತ್ತು. ಅದು ಶುರುವಿನ ಹೊಗೆ. ಉಳಿದದ್ದು ಬಿಳಿಯೇ. ಅಷ್ಟು ಹೊತ್ತಿನಲ್ಲಿ ಅವ್ವ ಕೆಮ್ಮಿದ್ದು ಒಗ್ಗರಣೆಯ ಘಾಟಿಗೆ ಮಾತ್ರ.

ಹಿರಿಯ ಸ್ವಾಮಿಗಳು ಮಧ್ಯಾಹ್ನ ಅಡುಗೆಮನೆಯ ಹೊಸ್ತಿಲಿಗೆ ಬಂದರು. ಹಿಂದೆ ವ್ಯವಸ್ಥಾಪಕರು. ಬೇರೆ ಅಡುಗೆಯವನಿಗೆ ಬಾ ಎನ್ನಬೇಕೋ ಬೇಡವೋ ಎಂದು ಅಂದೇ ಹೇಳಬೇಕಿತ್ತು. ಸ್ವಾಮಿಗಳು ಒಲೆ ನೋಡಿದರು, ಮೇಲಿನ ಸೂರು ನೋಡಿದರು, ನನ್ನ ಕೈಯ ಬಟ್ಟೆ ನೋಡಿದರು. ಅವ್ವ ಒಲೆಯ ಕಡೆ ಮುಖ ಮಾಡಿಕೊಂಡೇ ಕೇಳಿದರು:

“ನಾಳಿ ಹುಗ್ಗಿಗೆ ಗೋಧಿ ಎಷ್ಟು ನೆನಸಲ್ರಿ ಅಪ್ಪಾರ?”

“ನಿನಗ ಗೊತ್ತಿದ್ದದ್ದು ನನಗ್ಯಾಕ ಕೇಳ್ತೀ ಅವ್ವಾ” ಎಂದರು ಸ್ವಾಮಿಗಳು. ವ್ಯವಸ್ಥಾಪಕರು ಫೋನ್ ಹಿಡಿದು ಹೊರಗೆ ಹೋದರು.

ಅವ್ವ ಗೋಧಿ ಅಳೆಯಲು ಉಗ್ರಾಣಕ್ಕೆ ನಡೆದರು. ನಾನು ಜಾಲರಿಯ ಕೆಳಗಿನ ಬೂದಿ ಎಳೆದು ಬುಟ್ಟಿಗೆ ಹಾಕಿ, ತಗಡನ್ನು ಅರ್ಧಕ್ಕೆ ಇಳಿಸಿ, ಬೂದಿ ಬಾಗಿಲು ಮುಚ್ಚಿದೆ.